ಆಫೀಸ್ ಮೇಲ್‌ನಲ್ಲಿ 'ರೀಕ್ಯಾಪ್' ಅಂತ ಬರೆಯಬಹುದಾ?

ಮೀಟಿಂಗ್ ಮುಗಿದ ಮೇಲೆ ಕಳಿಸಿದ ಮೇಲ್‌ನಲ್ಲಿ, ಆಡಿದ ಮಾತನ್ನು ಚುಟುಕಾಗಿ ಮತ್ತೆ ಹೇಳುತ್ತೇನೆ ಅನ್ನುವ ಅರ್ಥದಲ್ಲಿ ನೀವು "ಐ ವಿಲ್ ರೀಕ್ಯಾಪ್ ಯು" ಅಂತ ಬರೆದಿರಿ. ಪಕ್ಕದ ಸೀಟಿನವರು ನಕ್ಕು, "ರೀಕ್ಯಾಪ್ ಆಡುಮಾತು, ಸಮರೈಸ್ ಅಂತಲೇ ಬರೀಬೇಕು" ಅಂದರು. ಹೌದಾ ಅಂತ ನಿಮ್ಮ ಪ್ರಶ್ನೆ.

ಅವರು ನಕ್ಕಿದ್ದು ಸರಿ, ಕೊಟ್ಟ ಕಾರಣ ತಪ್ಪು.

ದಿನನಿತ್ಯದ ಬರವಣಿಗೆಯಲ್ಲಿ ರೀಕ್ಯಾಪ್ ಧಾರಾಳವಾಗಿ ನಡೆಯುತ್ತದೆ. ಎಡವಟ್ಟಾಗಿರುವುದು 'ಯು'ನಲ್ಲಿ. ರೀಕ್ಯಾಪ್ ಮಾಡುವುದು ವಿಷಯವನ್ನು, ಮನುಷ್ಯರನ್ನಲ್ಲ. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕುವುದಕ್ಕೂ ಇಂಗ್ಲಿಷ್‌ನಲ್ಲಿ ರೀಕ್ಯಾಪ್ ಅಂತಲೇ ಹೇಳುತ್ತಾರೆ. ಕೈಗೆ ಚುಚ್ಚೀತು, ಹಾಗೆ ಮಾಡಬೇಡಿ ಅಂತ ನರ್ಸ್‌ಗಳಿಗೆ ಕಲಿಸುತ್ತಾರೆ. ನಿಮ್ಮ ವಾಕ್ಯ ಓದಿದರೆ ಎದುರಿನವರ ತಲೆಗೆ ಮುಚ್ಚಳ ಹಾಕಲು ಹೊರಟ ಹಾಗಿದೆ!

ಆ ಮುಚ್ಚಳದ ರೀಕ್ಯಾಪ್ ಬೇರೆ, ನಿಮ್ಮದು ಬೇರೆ. ನಿಮ್ಮದು 'ರೀಕ್ಯಾಪಿಚುಲೇಟ್' ಅನ್ನುವ ಉದ್ದ ಪದದ ಮೊಟಕು ರೂಪ. ಲ್ಯಾಟಿನ್‌ನಲ್ಲಿ 'ಕಾಪುಟ್' ಅಂದರೆ ತಲೆ. ಅದರಿಂದ 'ಕಾಪಿಟುಲುಮ್' ಬಂತು, ಅಂದರೆ ಅಧ್ಯಾಯ, ತಲೆಬರಹ. ನಮ್ಮಲ್ಲೂ ತಲೆಯಿಂದಲೇ ತಲೆಬರಹ ಆಗಿದ್ದು, ಅಲ್ವಾ? ಆಗಲೇ ದಾಟಿ ಬಂದ ತಲೆಬರಹಗಳನ್ನು ಇನ್ನೊಮ್ಮೆ ಮುಟ್ಟಿಕೊಂಡು ಹೋಗುವುದೇ ರೀಕ್ಯಾಪ್.

'ಆಗಲೇ ದಾಟಿ ಬಂದ' ಅನ್ನುವುದು ಇಲ್ಲಿ ಮುಖ್ಯ. ನಾನು ಇದನ್ನು ಕಲಿತಿದ್ದು ಪೆಟ್ಟು ತಿಂದೇ. ಹಳೇ ಆಫೀಸಿನಲ್ಲಿ, ರಜೆಯಲ್ಲಿದ್ದ ಮ್ಯಾನೇಜರ್‌ಗೆ "ಕ್ವಿಕ್ ರೀಕ್ಯಾಪ್" ಅಂತ ತಲೆಬರಹ ಹಾಕಿ ನಾಲ್ಕು ಸಾಲು ಕಳಿಸಿದ್ದೆ. "ನಾನು ಮೀಟಿಂಗ್‌ಗೇ ಬಂದಿರಲಿಲ್ಲ, ನೆನಪಿಸೋಕೆ ನನ್ನ ಹತ್ರ ಏನಿದೆ? ಮೊದಲಿಂದ ಹೇಳಪ್ಪ" ಅಂತ ಉತ್ತರ ಬಂತು. ಆಗ ಮುಖ ಸಣ್ಣದಾಯ್ತು. ಆದರೆ ಅವರು ಹೇಳಿದ್ದರಲ್ಲಿ ನ್ಯಾಯ ಇತ್ತು. ಮೀಟಿಂಗ್‌ನಲ್ಲಿ ಕೂತಿದ್ದವರಿಗೆ ಮಾತ್ರ ಅರ್ಥವಾಗುವ ಹಾಗೆ ನಾನು ಬರೆದಿದ್ದೆ.

ಟಿವಿ ಧಾರಾವಾಹಿ ಶುರುವಾಗುವ ಮುಂಚೆ "ಹಿಂದಿನ ಸಂಚಿಕೆಯಲ್ಲಿ" ಅಂತ ತೋರಿಸುತ್ತಾರಲ್ಲ, ಅದು ರೀಕ್ಯಾಪ್. ಪರೀಕ್ಷೆಯಲ್ಲಿ "ಪದ್ಯದ ಸಾರಾಂಶ ಬರೆಯಿರಿ" ಅಂತ ಕೇಳುತ್ತಾರಲ್ಲ, ಅದು ಸಮರಿ. ಸಮರಿಯನ್ನು ಮೂಲ ಓದದವರ ಕೈಗೆ ಕೊಟ್ಟರೂ ಅರ್ಥ ಆಗಬೇಕು. ಅಂದ ಹಾಗೆ, ಸಮರಿ ಲೆಕ್ಕದಿಂದ ಬಂದ ಪದ. 'ಸುಮ್ಮಾ' ಅಂದರೆ ಒಟ್ಟು ಮೊತ್ತ. ನಮ್ಮ 'ಒಟ್ಟಾರೆ'ಯಲ್ಲೂ ಅದೇ ಕೂಡುವ ಲೆಕ್ಕ ಇದೆ ನೋಡಿ.

ಪ್ರಬಂಧ, ಕಾನೂನು ಪತ್ರ, ಸರ್ಕಾರಿ ಅರ್ಜಿಗಳಲ್ಲಿ ರೀಕ್ಯಾಪ್ ಬೇಡ, ಅಲ್ಲಿ ಅದು ಸಲಿಗೆ ಜಾಸ್ತಿ ಆದಂತೆ ಕಾಣುತ್ತದೆ. 'ರೀಕ್ಯಾಪ್ಡ್', 'ರೀಕ್ಯಾಪಿಂಗ್' ಬರೆಯುವಾಗ ಎರಡು 'ಪಿ' ಹಾಕಿ. "ರೀಕ್ಯಾಪ್ ಅಗೇನ್" ಅಂತಲೂ ಬರೆಯಬೇಡಿ, 'ರೀ'ಯಲ್ಲೇ 'ಮತ್ತೆ' ಇದೆ. ಇನ್ನೊಂದು, ರೀಕ್ಯಾಪ್ ಅಂತ ಹೇಳಿ ಕೆಳಗೆ ಮೀಟಿಂಗ್‌ನಲ್ಲಿ ಬಾರದ ಹೊಸ ಡೆಡ್‌ಲೈನ್ ತುರುಕುವವರಿದ್ದಾರೆ. ಅದು ರೀಕ್ಯಾಪ್ ಅಲ್ಲ, ಕಿಡಿಗೇಡಿತನ.

ನಿಮ್ಮ ಮೇಲ್ ಮೀಟಿಂಗ್‌ನಲ್ಲಿ ಕೂತಿದ್ದವರಿಗೇ ಹೋಗುವುದಾದರೆ "ಟು ರೀಕ್ಯಾಪ್" ಅಂತ ಬರೆದು, ಒಂದು ಕಾಮಾ ಹಾಕಿ, ನೇರ ವಿಷಯಕ್ಕೆ ಬನ್ನಿ. ಸಿಸಿಯಲ್ಲಿ ಬಾರದವರೂ ಇದ್ದರೆ "ಸಮರಿ ಆಫ್ ಟುಡೇಸ್ ಮೀಟಿಂಗ್" ಅಂತ ಹಾಕಿ, ಯಾಕೆ ಸೇರಿದ್ದಿರಿ ಅನ್ನುವುದರಿಂದ ಶುರು ಮಾಡಿ.