ಅಂಚೆ ಇಲಾಖೆಯ ಕಾಯಂ ನೌಕರ ನಾನು. ಮಗು ಹುಟ್ಟಿದರೆ ತಂದೆಗೆ ಸಂಬಳಸಹಿತ ರಜೆ ಎಷ್ಟು?

ತಾವು ಕೇಂದ್ರ ಸರ್ಕಾರದ ನೌಕರರಾದ್ದರಿಂದ, ಬದುಕಿರುವ ಮಕ್ಕಳು ಇಬ್ಬರಿಗಿಂತ ಕಡಿಮೆಯಿದ್ದರೆ, 1972ರ ಕೇಂದ್ರ ನಾಗರಿಕ ಸೇವಾ ರಜೆ ನಿಯಮಗಳ 43-ಎ ಅಡಿಯಲ್ಲಿ 15 ದಿನಗಳ ಪಿತೃತ್ವ ರಜೆಗೆ ಅರ್ಹರು. ಹೆರಿಗೆಗೆ 15 ದಿನ ಮುಂಚಿನಿಂದ ಹಿಡಿದು ಹೆರಿಗೆಯಾದ ಆರು ತಿಂಗಳೊಳಗೆ ಇದನ್ನು ಪಡೆಯಬೇಕು. ಅವಧಿ ಮೀರಿದರೆ ರಜೆ ಕೈತಪ್ಪುತ್ತದೆ. ಸಂಬಳ ಪೂರ್ತಿ ಬರುತ್ತದೆ, ರಜೆ ಖಾತೆಯಿಂದ ಒಂದು ದಿನವೂ ಕಳೆಯುವುದಿಲ್ಲ, ಗಳಿಕೆ ರಜೆಯನ್ನು ಇದರೊಂದಿಗೆ ಜೋಡಿಸಿಕೊಳ್ಳಲೂಬಹುದು. ಸಾಮಾನ್ಯವಾಗಿ ಇದನ್ನು ನಿರಾಕರಿಸಬಾರದೆಂದು ನಿಯಮವೇ ಹೇಳುವುದರಿಂದ, ಕಚೇರಿಯಲ್ಲಿ ಕೆಲಸ ಹೆಚ್ಚಿದೆ ಎಂಬ ಮಾತಿಗೆ ಅಂಜಿ ಅರ್ಜಿ ಹಾಕದೆ ಇರಬೇಡಿ.

ತಾಯಿಯೂ ಕೇಂದ್ರ ನೌಕರಳಾಗಿದ್ದರೆ ಆಕೆಗೆ 180 ದಿನಗಳ ಹೆರಿಗೆ ರಜೆಯಿದೆ. ಅದಲ್ಲದೆ, ಮೊದಲ ಇಬ್ಬರು ಮಕ್ಕಳಿಗೆ 18 ವರ್ಷ ತುಂಬುವವರೆಗೆ, ಇಡೀ ಸೇವಾವಧಿಯಲ್ಲಿ ಒಟ್ಟು 730 ದಿನಗಳ ಶಿಶುಪಾಲನಾ ರಜೆಯೂ ಉಂಟು: ಮೊದಲ 365 ದಿನಗಳಿಗೆ ಪೂರ್ಣ ವೇತನ, ಉಳಿದ ದಿನಗಳಿಗೆ ಶೇ. 80. ಪುರುಷರಲ್ಲಿ ಇದು ಒಂಟಿ ಪೋಷಕರಿಗೆ ಮಾತ್ರ ಸಿಗುತ್ತದೆ. ಸಿಸೇರಿಯನ್ ಹೊಲಿಗೆಯ ನೋವಿನಲ್ಲಿರುವ ಬಾಣಂತಿ ನಡುರಾತ್ರಿ ಅಳುವ ಕೂಸನ್ನು ಎತ್ತಿಕೊಳ್ಳಲು ಪಡುವ ಪಾಡನ್ನು ಕಂಡವರಿಗೆ, ತಂದೆಯ ಆ 15 ದಿನಗಳು ತೀರಾ ಕಡಿಮೆ ಎನಿಸದೆ ಇರದು. ರಾಜ್ಯ ಸರ್ಕಾರಿ ನೌಕರರಿಗೆ ಅನ್ವಯಿಸುವುದು ಮಾತ್ರ ಬೇರೆಯೇ ಆದ ಕರ್ನಾಟಕ ನಾಗರಿಕ ಸೇವಾ ನಿಯಮಗಳು.