ತಮ್ಮದಲ್ಲದ ಜನಾಂಗದ ಕಣ್ಣಿನಿಂದ ಲೇಖಕರು ಬರೆಯಬಹುದೇ?

ಧಾರಾಳವಾಗಿ ಬರೆಯಬಹುದು. ಆದರೆ ಇನ್ನೊಬ್ಬರ ಬಾಯಲ್ಲಿ ‘ನಾನು’ ಎನ್ನುವುದು ಸಲೀಸಲ್ಲ.

1831ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಗುಲಾಮರ ದಂಗೆ ನಡೆಸಿದ ನ್ಯಾಟ್ ಟರ್ನರ್‌ನ ದನಿಯಲ್ಲೇ ಬಿಳಿಯ ಲೇಖಕ ವಿಲಿಯಂ ಸ್ಟೈರನ್ 1967ರಲ್ಲಿ ಕಾದಂಬರಿ ಬರೆದರು. ಮರುವರ್ಷ ಅದಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂತು. ಅದೇ ವರ್ಷ ಹತ್ತು ಮಂದಿ ಕಪ್ಪು ಲೇಖಕರು ಸೇರಿ ಪುಸ್ತಕವನ್ನೇ ತಂದು ಆ ಕಾದಂಬರಿಯನ್ನು ತರಾಟೆಗೆ ತೆಗೆದುಕೊಂಡರು. ಟರ್ನರ್‌ನ ಹೆಂಡತಿಯನ್ನು ಕೈಬಿಟ್ಟು, ಬಿಳಿ ಹುಡುಗಿಯ ಮೇಲಿನ ಮೋಹವನ್ನು ಅವನಿಗೆ ಅಂಟಿಸಿದ್ದೇಕೆ ಎಂಬುದು ಅವರ ದೊಡ್ಡ ತಕರಾರುಗಳಲ್ಲೊಂದು. (ಕಪ್ಪು ಲೇಖಕರೇ ಆದ ಜೇಮ್ಸ್ ಬಾಲ್ಡ್‌ವಿನ್ ಸ್ಟೈರನ್ ಪರ ನಿಂತಿದ್ದರು, ಅದೂ ನಿಜ.)

ನನಗೆ ಆ ತಕರಾರು ಸರಿಯೆನಿಸುತ್ತದೆ. ತಪ್ಪಿದ್ದದ್ದು ಲೇಖಕನ ಬಣ್ಣದಲ್ಲಲ್ಲ, ಪಾತ್ರದ ಮನೆಯನ್ನು ಖಾಲಿ ಮಾಡಿದ್ದರಲ್ಲಿ. ಹಾಗಾಗಿ ಕರಡನ್ನು ಆ ಸಮುದಾಯದ ಒಂದಿಬ್ಬರಿಗೆ ಮೊದಲೇ ಓದಲು ಕೊಡಿ. ಅವರು ತಡವರಿಸಿದ ಸಾಲನ್ನು ಮತ್ತೆ ಬರೆಯಿರಿ.