ಮೈನಸ್ 9 ನಂಬರ್ ಇದೆ. ಲೇಸರ್ ಮಾಡಿಸಿಕೊಂಡರೆ ಕಣ್ಣಿನ ಚಿಂತೆ ಪೂರ್ತಿ ತೀರುತ್ತದೆಯೇ?

ಇಪ್ಪತ್ಮೂರು ವರ್ಷಕ್ಕೆ ಮೈನಸ್ 9, ಮದುವೆಗೆ ಮುಂಚೆ ಚಷ್ಮಾ ಹೋಗಬೇಕು ಎಂದಿದ್ದೀರಿ. ಆ ವಯಸ್ಸಿನಲ್ಲಿ ನನ್ನದು ಮೈನಸ್ 11 ಇತ್ತು. ನಾನೂ ನಿಮ್ಮಂತೆ ನಂಬರನ್ನೇ ರೋಗವೆಂದು ತಿಳಿದಿದ್ದೆ.

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಒಂದು ದಲಾಲಿ ಅಂಗಡಿಯ ಲೆಕ್ಕ ಬರೆಯುತ್ತೇನೆ. ಸೀಸನ್ನಿನಲ್ಲಿ ಘಾಟಿಗೆ ಕಣ್ಣು ಉರಿಯುವುದು ಅಲ್ಲಿ ಯಾರಿಗೂ ಸುದ್ದಿಯಲ್ಲ. ಹೀಗಾಗಿ ಮೂರು ವರ್ಷದ ಹಿಂದೆ ಮಾರ್ಚ್ ತಿಂಗಳಲ್ಲಿ ಎಡಗಣ್ಣಿನ ಮುಂದೆ ಮಸಿ ಉದುರಿದಂತೆ ಕಪ್ಪು ಚುಕ್ಕೆಗಳು ತೇಲತೊಡಗಿದಾಗ, ಕತ್ತಲಲ್ಲಿ ಕಣ್ಣು ಹೊರಳಿಸಿದರೆ ಅಂಚಿನಲ್ಲಿ ಮಿಂಚು ಹೊಡೆದಂತಾದಾಗ, ತಣ್ಣೀರು ಹಾಕಿ ತೊಳೆದುಕೊಂಡು ಸುಮ್ಮನಾದೆ. ಮರುದಿನ ಹಾವೇರಿಯಲ್ಲಿ ಕೆಲಸವಿದ್ದುದರಿಂದ ಕಣ್ಣಿನ ವೈದ್ಯರಿಗೂ ತೋರಿಸಿದೆ. ಪಾಪೆ ಹಿಗ್ಗಿಸುವ ಹನಿ ಹಾಕಿ ಒಳಗೆ ನೋಡಲೇಬೇಕು ಎಂದು ಅವರು ಎರಡು ಸಲ ಹೇಳಿದರು. ನಾನು ಒಪ್ಪಲಿಲ್ಲ.

ಏಕೆ ಒಪ್ಪಲಿಲ್ಲ ಎಂಬುದನ್ನು ಬಿಡಿಸಿ ಹೇಳಬೇಕು. ಹನಿ ಹಾಕಿದರೆ ನಾಲ್ಕೈದು ತಾಸು ಎಲ್ಲವೂ ಮಂಜು. ನಾನು ಬಂದದ್ದು ಬೈಕಿನಲ್ಲಿ, ಅಂಗಡಿಯಲ್ಲಿ ವರ್ಷದ ಲೆಕ್ಕ ಮುಗಿಸುವುದಿತ್ತು. ಅದಕ್ಕಿಂತ ಹೆಚ್ಚಾಗಿ, ಕನ್ನಡಕ ಹಾಕಿಕೊಂಡು ಗೋಡೆಯ ಅಕ್ಷರಗಳನ್ನು ಕೊನೆಯ ಸಾಲಿನವರೆಗೆ ಓದಿದ್ದೆ, ಇನ್ನೇನು ಆಗಿರಲು ಸಾಧ್ಯ ಎಂಬ ಸೊಕ್ಕು. ಆ ಅಕ್ಷರಗಳು ಪರೀಕ್ಷಿಸುವುದು ರೆಟಿನಾದ, ಅಂದರೆ ಕಣ್ಣಿನ ಹಿಂಬದಿಯಲ್ಲಿ ಬೆಳಕು ಹಿಡಿಯುವ ಒಳಪದರದ, ನಡುವಿನ ಚಿಕ್ಕ ಜಾಗವನ್ನು ಮಾತ್ರ. ನನ್ನದು ಹರಿದದ್ದು ಮೇಲಿನ ಅಂಚಿನಲ್ಲಿ. ತೇವ ಹಿಡಿದ ಗೋಡೆಯ ಸುಣ್ಣ ಹಕ್ಕಳೆ ಏಳುವಂತೆ, ಹರಿದ ಕಡೆಯಿಂದ ಕಣ್ಣೊಳಗಿನ ನೀರು ಹಿಂದೆ ಸೇರಿ ರೆಟಿನಾ ನಿಧಾನವಾಗಿ ಕಿತ್ತು ಬರುತ್ತಿತ್ತು. ಆ ದಿನ ಹನಿ ಹಾಕಿಸಿಕೊಂಡಿದ್ದರೆ ಬಹುಶಃ ಹರಿದ ಜಾಗದ ಸುತ್ತ ಲೇಸರ್ ಹೊಡೆದು (ನಂಬರ್ ತೆಗೆಯುವ ಲೇಸರ್ ಅಲ್ಲ, ರೆಟಿನಾ ಕೀಳದಂತೆ ಬೆಸೆಯುವ ಬೇರೆ ಲೇಸರ್) ಸಂಜೆಗೆ ಮನೆಗೆ ಕಳುಹಿಸುತ್ತಿದ್ದರು. ಐದನೆಯ ದಿನ ದೃಷ್ಟಿಯ ಕೆಳಗಿನಿಂದ ನೆರಳೊಂದು ಏರಿತು. ಆರನೆಯ ದಿನ ಬಲಗಣ್ಣು ಮುಚ್ಚಿಕೊಂಡು ನೋಡಿದರೆ ಖಾತೆ ಪುಸ್ತಕದ ಅಂಕಿಗಳೇ ಇರಲಿಲ್ಲ. ಹುಬ್ಬಳ್ಳಿಗೆ ಹೋಗುವಷ್ಟರಲ್ಲಿ ನಡುಭಾಗವೂ ಕಿತ್ತಿತ್ತು.

ಶಸ್ತ್ರಚಿಕಿತ್ಸೆ ಮಾಡಿ ಕಣ್ಣೊಳಗೆ ಅನಿಲ ತುಂಬಿದರು. ಅದು ರೆಟಿನಾವನ್ನು ಒತ್ತಿ ಹಿಡಿಯಲೆಂದು ಒಂದು ವಾರ ಬೋರಲು ಮಲಗಿ ನೆಲದ ಫರಸಿ ಎಣಿಸಿದೆ. ಈಗ ರೆಟಿನಾ ಕೂತಿದೆ, ಆದರೆ ಎಡಗಣ್ಣಿಗೆ ಖಾತೆ ಪುಸ್ತಕದ ನೇರ ಗೆರೆಗಳು ಹಾವಿನಂತೆ ಡೊಂಕು ಕಾಣುತ್ತವೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ನಿಮ್ಮ ಪ್ರಶ್ನೆಯೇ ತಪ್ಪು. ಕಣ್ಣುಗುಡ್ಡೆಯ ಉದ್ದ ಸಾಮಾನ್ಯವಾಗಿ ಸುಮಾರು 24 ಮಿಲಿಮೀಟರ್. ಮೈನಸ್ 6 ದಾಟಿದವರಲ್ಲಿ ಅದು ಹೆಚ್ಚಾಗಿ 26ಕ್ಕೂ ಮೀರಿರುತ್ತದೆ, ನನ್ನದು 29. ಗುಡ್ಡೆ ಹಿಗ್ಗಿದಷ್ಟು ಒಳಗಿನ ರೆಟಿನಾ ಎಳೆದು ತೆಳುವಾಗುತ್ತದೆ. ನಂಬರ್ ತೆಗೆಯುವ ಲೇಸರ್ ಕಾರ್ನಿಯಾವನ್ನು, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರವನ್ನು, ಕೆತ್ತಿ ಬೆಳಕಿನ ದಾರಿ ಸರಿಪಡಿಸುತ್ತದೆ, ಹಿಂಬದಿಗೆ ಹಿಗ್ಗಿದ ಗುಡ್ಡೆಯ ಉದ್ದವನ್ನು ಒಂದು ಕೂದಲೆಳೆಯಷ್ಟೂ ಕಡಿಮೆ ಮಾಡುವುದಿಲ್ಲ. ಮೈನಸ್ 9ಕ್ಕೆ ಕಾರ್ನಿಯಾ ದಪ್ಪ ಸಾಲದಿದ್ದರೆ ಕಣ್ಣೊಳಗೆ ಲೆನ್ಸ್ ಕೂಡಿಸುತ್ತಾರೆ. ಆಗಲೂ ಇದೇ ಮಾತು. ಕನ್ನಡಕ ಹೋದರೆ ಹೋಗಲಿ, ನನಗೆ ತಕರಾರಿಲ್ಲ, ಆದರೆ ನಂಬರ್ ಹೋಯಿತೆಂದು ಪರೀಕ್ಷೆ ಬಿಟ್ಟವರಿಗೆ ಅಪಾಯ ಮೊದಲಿನಷ್ಟೇ ಇರುತ್ತದೆ.

ನನ್ನ ತಾಯಿಗೂ ದಪ್ಪ ಕನ್ನಡಕವಿತ್ತು. ನನ್ನ ನಂಬರ್ ಏರಲು ವಂಶದ ಜೊತೆಗೆ ಬಯಲಿನ ಬೆಳಕಿಲ್ಲದ ಬಾಲ್ಯವೂ ಬಹುಶಃ ಸೇರಿತು. ಒಂಬತ್ತು ವರ್ಷದ ಮಗಳಿಗೆ ಮೈನಸ್ 2 ಬಂದಾಗ, ನಂಬರ್ ಏರಬಾರದೆಂದು ಕಡಿಮೆ ಪವರಿನ ಕನ್ನಡಕ ಹಾಕಿಸಿ ಎಂದು ಬಂಧುಗಳು ಹೇಳಿದರು. ಅದರಿಂದ ಏರಿಕೆ ನಿಲ್ಲುವುದಿಲ್ಲ. ಅವಳಿಗೆ ಪೂರ್ತಿ ನಂಬರಿನ ಕನ್ನಡಕ, ನಂಬರ್ ಏರಿಕೆ ನಿಧಾನಿಸಲೆಂದು ವೈದ್ಯರು ಬರೆದುಕೊಟ್ಟ ಅಟ್ರೋಪಿನ್ ಹನಿ ರಾತ್ರಿಗೆ, ದಿನಕ್ಕೆ ಎರಡು ತಾಸು ಅಂಗಳದಲ್ಲಿ ಆಟ.

ನೀವು ಲೇಸರ್ ವಿಚಾರಿಸುವ ಮೊದಲು ಹನಿ ಹಾಕಿಸಿಕೊಂಡು ರೆಟಿನಾದ ಅಂಚಿನವರೆಗೆ ತೋರಿಸಿರಿ. ನನ್ನ ಬಲಗಣ್ಣಿನ ಅಂಚಿನಲ್ಲೂ ತೂತೊಂದು ಸಿಕ್ಕಿತು, ಲೇಸರ್ ಹೊಡೆದು ಉಳಿಸಿದರು. ಹೋಗುವಾಗ ಜೊತೆಗೆ ಒಬ್ಬರನ್ನು ಕರೆದುಕೊಂಡು ಬಸ್ಸಿನಲ್ಲಿ ಹೋಗಿರಿ, ಬೈಕ್ ಮನೆಯಲ್ಲೇ ಇರಲಿ.